ಹಬೆ ಬಂದ ಮಾತ್ರಕ್ಕೆ ಬಿಸಿಯಾಯಿತೆಂದಲ್ಲ

ಮೈಕ್ರೋವೇವ್ ಓವನ್ ಹೇಗೆ ಬಿಸಿ ಮಾಡುತ್ತದೆ ಎಂದು ನನಗೆ ಕಣ್ಣಾರೆ ತೋರಿಸಿದ್ದು ಉದ್ದಿನ ಹಪ್ಪಳ. ಎಣ್ಣೆ ಸೋಕಿಸದೆ ಗಾಜಿನ ತಟ್ಟೆಯ ಮೇಲೆ ಒಂದು ಹಪ್ಪಳ ಇಟ್ಟು ಅರ್ಧ ನಿಮಿಷ ಓಡಿಸಿ ನೋಡಿ. ಕೆಲವು ಕಡೆ ಬೆಳ್ಳಗೆ ಅರಳಿರುತ್ತದೆ, ಪಕ್ಕದಲ್ಲೇ ಹಸಿಹಸಿಯಾಗಿ ಉಳಿದಿರುತ್ತದೆ. ಒಳಗಿನ ಲೋಹದ ಗೋಡೆಗಳಿಗೆ ಬಡಿದು ವಾಪಸಾಗುವ ಅಲೆಗಳು ಒಂದು ಕಡೆ ಕೂಡಿಕೊಂಡು ಬಲವಾಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಮನೆಯ ಓವನ್‌ಗಳಲ್ಲಿ ಬಳಸುವುದು 2450 ಮೆಗಾಹರ್ಟ್ಸ್ ಅಲೆ. ಅದರ ಉದ್ದ ಸುಮಾರು 12 ಸೆಂಟಿಮೀಟರ್. ತಟ್ಟೆ ತಿರುಗುವುದು ಈ ಏರುಪೇರನ್ನು ಸರಿದೂಗಿಸಲೆಂದೇ, ಆದರೆ ಅದು ಪೂರ್ತಿ ಹೋಗುವುದಿಲ್ಲ. ಹಪ್ಪಳದಲ್ಲಿ ಕಾಣುವ ಈ ವ್ಯತ್ಯಾಸ ಹುಳಿಯಲ್ಲಿ, ಅನ್ನದಲ್ಲಿ ಕಾಣುವುದಿಲ್ಲ. ನನಗೆ ಚಿಂತೆಯಿರುವುದು ಅಲ್ಲೇ.

ನಮ್ಮ ಮನೆಯಲ್ಲಿ ವಯಸ್ಸಾದ ಅತ್ತೆಯಿದ್ದಾರೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಹೊಟ್ಟೆ ಕೆಟ್ಟರೆ ಇಬ್ಬರಿಗೂ ತಡೆದುಕೊಳ್ಳುವುದು ಕಷ್ಟ. "ಹಬೆ ಬರ್ತಿದೆಯಲ್ಲಮ್ಮ, ಸಾಕು ಬಿಡು" ಎಂದು ಅತ್ತೆ ಹೇಳುವಾಗಲೂ ನಾನು ಹೊರಗೆ ತೆಗೆದು ಕದಡಿ ಮತ್ತೆ ಒಳಗಿಡುತ್ತೇನೆ. ಅಲೆಗಳು ಆಹಾರದೊಳಗೆ ಇಳಿಯುವುದು ಎರಡು ಮೂರು ಸೆಂಟಿಮೀಟರಿನಷ್ಟು ಮಾತ್ರ. ಅದರಾಚೆಗಿನ ಭಾಗಕ್ಕೆ ಬಿಸಿ ನಿಧಾನವಾಗಿ ಹರಿದೇ ಹೋಗಬೇಕು. ಹಾಗಾಗಿ ಆಳದ ಪಾತ್ರೆಯಲ್ಲಿ ಗುಡ್ಡೆ ಹಾಕುವ ಬದಲು ಅಗಲವಾದ ಗಾಜಿನ ಬಟ್ಟಲಿನಲ್ಲಿ ಹರಡುತ್ತೇನೆ. ಫ್ರಿಜ್ಜಿನ ಅನ್ನವಾದರೆ ಗಂಟು ಬಿಡಿಸಿ, ಒಂದೆರಡು ಚಮಚ ನೀರು ಚಿಮುಕಿಸಿ, ಆವಿ ಹೋಗಲು ಸ್ವಲ್ಪ ಸಂದು ಬಿಟ್ಟು ಮುಚ್ಚುತ್ತೇನೆ. ಅರ್ಧ ಹೊತ್ತಿಗೆ ನಿಲ್ಲಿಸಿ ಅಡಿಯಿಂದ ಮೇಲಕ್ಕೆ ಕದಡುವುದು, ಮತ್ತೆ ಓಡಿಸುವುದು, ಆಮೇಲೆ ಮುಚ್ಚಿದ ಹಾಗೆಯೇ ಎರಡು ನಿಮಿಷ ಬಿಡುವುದು. ಈ ಎರಡು ನಿಮಿಷ ಅಡುಗೆಯದೇ ಒಂದು ಭಾಗ, ಬಿಸಿ ಸಮವಾಗುವುದು ಆಗಲೇ. ಬೇಳೆ ಜಾಸ್ತಿಯಿರುವ ಗಟ್ಟಿ ಹುಳಿಗೆ ಎರಡು ಸಲ ಕದಡುತ್ತೇನೆ. ಅಡುಗೆಯ ಥರ್ಮಾಮೀಟರ್ ಒಂದು ಕೊಂಡಿದ್ದೇನೆ. ನಡುವೆ ಚುಚ್ಚಿದಾಗ 75 ಡಿಗ್ರಿ ತೋರಿಸಿದರೆ ಮಾತ್ರ ಬಡಿಸುತ್ತೇನೆ.

ಅನ್ನದ ವಿಷಯ ಇನ್ನೂ ಒಂದಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಸಿದರೂ ಉಳಿಯಬಲ್ಲವು. ಅನ್ನ ಹೊರಗೇ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ರಾತ್ರಿ ಉಳಿಯುತ್ತದೆಂದು ಗೊತ್ತಾದ ಅನ್ನವನ್ನು ಅಗಲ ತಟ್ಟೆಯಲ್ಲಿ ಆರಿಸಿ ಬೇಗ ಫ್ರಿಜ್ಜಿಗೆ ಸೇರಿಸುತ್ತೇನೆ. ಬೆಳಿಗ್ಗೆಯವರೆಗೆ ಅಡುಗೆಕಟ್ಟೆಯ ಮೇಲೇ ಉಳಿದದ್ದನ್ನು ಯಾವ ಓವನ್ನೂ ಸರಿಮಾಡಲಾರದು.

ಪಾತ್ರೆಯ ಬಗ್ಗೆ ನನ್ನ ನಿಲುವು ಸರಳ: ಗಾಜು ಅಥವಾ ಪಿಂಗಾಣಿ. ಸ್ಟೀಲು ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ, ಆಹಾರ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಫೋರ್ಕಿನ ಮುಳ್ಳು, ಅಲ್ಯೂಮಿನಿಯಂ ಹಾಳೆಯ ಮಡಿಕೆಯಂಥ ಚೂಪು ಅಂಚುಗಳಲ್ಲಿ ಕಿಡಿ ಹಾರುತ್ತದೆ. ಚಿನ್ನದ ಗೆರೆಯಿರುವ ಕಪ್ಪಿಗೂ ಇದೇ ಮಾತು. ಮೆಲಮೈನ್ ತಟ್ಟೆ ಬಡಿಸುವುದಕ್ಕೆ ಮಾತ್ರ. ಹೋಟೆಲಿನಿಂದ ಪಾರ್ಸೆಲ್ ಬರುವ ಪ್ಲಾಸ್ಟಿಕ್ ಡಬ್ಬಿಯಿಂದ ಊಟವನ್ನು ಮೊದಲು ಬಟ್ಟಲಿಗೆ ಸುರಿಯುತ್ತೇನೆ. ಎಣ್ಣೆ ತೇಲುವ ಸಾಗು, ಕುರ್ಮ ನೀರಿಗಿಂತ ಹೆಚ್ಚು ಕಾಯುತ್ತವೆ, ತೆಳು ಪ್ಲಾಸ್ಟಿಕ್ ಅದನ್ನು ತಾಳುವುದಿಲ್ಲ.

ಸಿಪ್ಪೆ ಬಿಗಿಯಾಗಿರುವ ಯಾವುದನ್ನೂ ಹಾಗೇ ಇಡಬಾರದು. ಒಳಗೆ ಹುಟ್ಟಿದ ಆವಿಗೆ ದಾರಿ ಬೇಕು. ಗೊಜ್ಜಿಗೆ ಬದನೆಕಾಯಿ ಬೇಯಿಸುವಾಗ ನಾಲ್ಕು ಕಡೆ ಸೀಳುತ್ತೇನೆ, ಆಲೂಗಡ್ಡೆಗೆ ಫೋರ್ಕಿನಿಂದ ಚುಚ್ಚುತ್ತೇನೆ. ಸುಟ್ಟ ಬದನೆಯ ಘಮ ಬಾರದು, ಅದು ಕೆಂಡದ ಸೊತ್ತು. ಇಡೀ ಮೊಟ್ಟೆಯನ್ನಂತೂ, ಬೇಯಿಸಿ ಸಿಪ್ಪೆ ಸುಲಿದದ್ದಾದರೂ ಸರಿ, ಒಳಗಿಡುವುದಿಲ್ಲ. ಅದು ಹೊರಗೆ ತೆಗೆದ ಮೇಲೆ, ಬಾಯಿಗಿಟ್ಟಾಗಲೂ ಸಿಡಿಯಬಹುದು.

ಬರೀ ನೀರಿನ ಬಗ್ಗೆ ಎಲ್ಲರಿಗೂ ಹೇಳುತ್ತಿರುತ್ತೇನೆ. ನುಣ್ಣನೆಯ ಲೋಟದಲ್ಲಿ ನೀರು ಒಂದು ಗುಳ್ಳೆಯೂ ಏಳದೆ 100 ಡಿಗ್ರಿ ದಾಟಬಹುದು. ನೋಡಲು ಶಾಂತವಾಗಿರುತ್ತದೆ, ಕಾಫಿ ಪುಡಿ ಹಾಕಿದೊಡನೆ ಭುಗ್ಗೆಂದು ಉಕ್ಕಿ ಮುಖ, ಕೈ ಸುಡುತ್ತದೆ. ಲೋಟದಲ್ಲಿ ಮರದ ಕಡ್ಡಿಯೊಂದನ್ನು ನಿಲ್ಲಿಸಿ, ಕಡಿಮೆ ಹೊತ್ತು ಓಡಿಸಿ, ಆದಮೇಲೆ ಒಂದು ನಿಮಿಷ ಮುಟ್ಟದೆ ಬಿಡುತ್ತೇನೆ. ಹಸುಗೂಸಿನ ಹಾಲಿನ ಬಾಟಲಿಯನ್ನು ಓವನ್ನಿನಲ್ಲಿ ಇಡಲೇಬೇಡಿ. ಬಾಟಲಿ ಕೈಗೆ ತಣ್ಣಗಿದ್ದರೂ ಒಳಗಿನ ಹಾಲು ಅಲ್ಲಲ್ಲಿ ಬಾಯಿ ಸುಡುವಷ್ಟು ಕಾದಿರುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಆಯಿತು.

ಒಗ್ಗರಣೆ, ಕರಿಯುವುದು ನಮ್ಮಲ್ಲಿ ಒಲೆಯ ಮೇಲೆಯೇ. ಕಡಲೆಬೀಜ ಮಾತ್ರ ಓವನ್ನಿನಲ್ಲಿ ಚೆನ್ನಾಗಿ ಹುರಿಯುತ್ತದೆ, ಆದರೆ ಅದು ಒಳಗಿನಿಂದ ಕಪ್ಪಾಗುತ್ತದೆ. ಮೇಲೆ ಬಣ್ಣ ಕಾಯುತ್ತಾ ಕೂರಬಾರದು. ಒಂದೊಂದೇ ನಿಮಿಷ ಓಡಿಸಿ ಕೈಯಾಡಿಸಿ, ಒಂದು ಕಾಳು ಮುರಿದು ನೋಡುತ್ತೇನೆ. ಏನಾದರೂ ಹೊತ್ತಿಕೊಂಡರೆ ಬಾಗಿಲು ತೆಗೆಯಬಾರದು. ಸ್ವಿಚ್ ಆರಿಸಿ ಮುಚ್ಚಿದಂತೆಯೇ ಬಿಟ್ಟರೆ ಗಾಳಿಯಿಲ್ಲದೆ ಬೆಂಕಿ ನಂದುತ್ತದೆ.

"ಕಿರಣ ಮೈಗೆ ತಾಗುವುದಿಲ್ಲವೇ?" ಎಂಬುದು ಅತ್ತೆಯ ಹಳೆಯ ಆತಂಕ. ಬಾಗಿಲಿನ ಜಾಲರಿಯ ತೂತುಗಳು ಆ 12 ಸೆಂಟಿಮೀಟರ್ ಅಲೆಗೆ ತೀರ ಚಿಕ್ಕವು, ಬಾಗಿಲು ತೆರೆದೊಡನೆ ಅಲೆ ನಿಲ್ಲುತ್ತದೆ, ಆಹಾರದಲ್ಲಿ ಅದು ಉಳಿಯುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಅದಕ್ಕೆ ಬಾಗಿಲು ಸರಿಯಾಗಿರಬೇಕಷ್ಟೆ. ಅಂಚಿನ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರುತ್ತೇನೆ. ಕೀಲು ಸಡಿಲವಾದರೆ, ಬಾಗಿಲು ಪೂರ್ತಿ ಕೂರದಿದ್ದರೆ, ರಿಪೇರಿಯಾಗುವವರೆಗೆ ಓಡಿಸುವುದಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚುವ ಕೆಲಸ ಮನೆಯವರದ್ದಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಭಾಗದಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.