ಪಾಲಿಗೆ ಕೊಟ್ಟ ಹೆಣ್ಣು ಮರಿಗಳಿಂದ ಉಳಿದ ಸಂಘ

ಮುಧೋಳ ನಾಯಿ ಸಾಕುವವರನ್ನೆಲ್ಲ ಒಂದೇ ಜಮಖಾನೆಯ ಮೇಲೆ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂದು ಊರಿನ ಹಿರಿಯರೊಬ್ಬರು ಮೊದಲೇ ನಕ್ಕಿದ್ದರು. ಈಗ ಅವರೇ ತಮ್ಮ ನಾಯಿಯ ಸೂಲನ್ನು ಸಂಘದ ದಾಖಲೆ ಪುಸ್ತಕದಲ್ಲಿ ಬರೆಸಲು ನನಗೆ ಹೇಳಿಕಳಿಸುತ್ತಾರೆ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

2005ರಲ್ಲಿ ಅಂಚೆ ಇಲಾಖೆ ನಮ್ಮ ನಾಯಿಯ ಅಂಚೆಚೀಟಿ ತಂದಿತು. ಆ ಹುರುಪಿನಲ್ಲಿ ಹದಿನೇಳೋ ಹದಿನೆಂಟೋ ಜನ ತಲಾ ಐನೂರು ರೂಪಾಯಿ ಹಾಕಿ ಸಂಘ ನೋಂದಾಯಿಸಿದೆವು. ಮೊದಲ ಎರಡು ಸಭೆ ಹೆಸರಿನ ಜಗಳದಲ್ಲೇ ಮುಗಿದವು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿ ಕ್ಯಾರವಾನ್ ಹೌಂಡ್. ಪ್ರದರ್ಶನಕ್ಕೆ ಹೋಗುವವರಿಗೆ ಆ ಹೆಸರು ಬೇಕು, ಉಳಿದವರಿಗೆ ಊರಿನ ಹೆಸರು ಬೇಕು. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕತೆಯನ್ನು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಹೇಳುತ್ತಿದ್ದರು; ಅದು ನಮ್ಮ ನಾಯಿಗಳಿಗೂ ಬಾಯಿಪಾಠವಾಗಿತ್ತು. ಕೊನೆಗೆ ಊರಿನ ಹೆಸರೇ ಗೆದ್ದಿತು, ನಾಲ್ಕು ಜನ ಸಂಘ ಬಿಟ್ಟರು.

ಆಮೇಲೆ ಪ್ರದರ್ಶನ ಮಾಡಿದೆವು. ಪೆಂಡಾಲು, ಬೆಳ್ಳಿ ಬಟ್ಟಲು, ಊಟ ಸೇರಿ ಸುಮಾರು ನಲವತ್ತು ಸಾವಿರ ಖರ್ಚು. ಬಂದದ್ದು ಇಪ್ಪತ್ತೆರಡು ನಾಯಿ, ವಸೂಲಾದದ್ದು ಒಂಬತ್ತು ಸಾವಿರ. ಸಾಲ ತೀರಿಸಲು ಒಂದು ಎಮ್ಮೆ ಮಾರಿದೆ. ಮನೆಯಲ್ಲಿ ಮಜ್ಜಿಗೆ ತೆಳ್ಳಗಾದಾಗಲೆಲ್ಲ ಆ ಮಾತು ಇಂದಿಗೂ ಬರುತ್ತದೆ.

ದುಡ್ಡಿಗಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ಬಟ್ಟಲು ಗೆದ್ದ ಗಂಡಿಗೇ ಎಲ್ಲರೂ ತಮ್ಮ ಹೆಣ್ಣು ನಾಯಿಗಳನ್ನು ಕೂಡಿಸಿದರು. ಒಂದೇ ರಕ್ತ ಮತ್ತೆ ಮತ್ತೆ ಸೇರಿ, ಮೂರನೇ ಪೀಳಿಗೆಗೆ ಬರುವಷ್ಟರಲ್ಲಿ ಸೂಲಿಗೆ ಏಳೆಂಟು ಹಾಕುತ್ತಿದ್ದ ನಾಯಿ ಮನೆತನಗಳು ಮೂರು ಮರಿಗೆ ಇಳಿದವು. ಕೆಳದವಡೆ ಗಿಡ್ಡವಾದವು, ಒಂದೇ ಬೀಜ ಇಳಿದ ಗಂಡುಗಳು ಹುಟ್ಟತೊಡಗಿದವು. ಯಾವುದು ಯಾರ ಮಗಳು ಎಂದು ನೋಡೋಣವೆಂದರೆ ದಾಖಲೆಯಲ್ಲಿದ್ದ ಹನ್ನೊಂದು ಗಂಡುಗಳ ಹೆಸರೂ ಟೈಗರ್, ಹನ್ನೊಂದೂ ಒಂದೇ ಕಂದು ಬಣ್ಣ. ಅದೂ ಗೆದ್ದಲು ತಿಂದು ಉಳಿದ ಪುಟಗಳಲ್ಲಿ.

ಆಡು, ಆಕಳುಗಳನ್ನು ಪಾಲಿಗೆ ಕೊಡುವ, ಅಂದರೆ ಇನ್ನೊಬ್ಬರಿಗೆ ಸಾಕಲು ಕೊಟ್ಟು ಹುಟ್ಟಿದ ಮರಿ, ಕರುಗಳಲ್ಲಿ ಪಾಲು ಪಡೆಯುವ ಪದ್ಧತಿ ನಿಮಗೆ ಗೊತ್ತೇ ಇದೆ. 2011ರ ಸುಮಾರಿಗೆ ನಾಯಿಗೂ ಅದೇ ಏಕಾಗಬಾರದು ಎಂದೆ. ಎಲ್ಲರೂ ನಕ್ಕರು. ಬೇರೆ ಬೇರೆ ಮನೆತನದ ಆರು ಹೆಣ್ಣು ಮರಿಗಳನ್ನು ನನ್ನ ದುಡ್ಡಿನಲ್ಲೇ ಕೊಂಡು ಆರು ತೋಟದ ಮನೆಗಳಿಗೆ ಕೊಟ್ಟೆ. ಮೊದಲ ಸೂಲಿನಲ್ಲಿ ಎರಡು ಮರಿ ಸಂಘಕ್ಕೆ, ಮುಂದಿನ ಸೂಲುಗಳಲ್ಲಿ ಒಂದೊಂದು. ಗಂಡನ್ನು ಆರಿಸುವವರು ನಾವು. ಒಂದು ಗಂಡಿಗೆ ಮೂರಕ್ಕಿಂತ ಹೆಚ್ಚು ಹೆಣ್ಣು ಇಲ್ಲ, ಅದು ಎಂಥ ಬಟ್ಟಲು ಗೆದ್ದಿದ್ದರೂ ಸರಿ. ಆರರಲ್ಲಿ ಹಾವು ಕಚ್ಚಿ ಒಂದು ಸತ್ತಿತು, ಇನ್ನೊಂದು "ಕಳೆದುಹೋಯಿತು". ಯಾವ ಊರಿನಲ್ಲಿ ಕಟ್ಟಿಹಾಕಿದ್ದರೆಂದು ನನಗೆ ಗೊತ್ತು. ಉಳಿದ ನಾಲ್ಕರಿಂದ ನಾಲ್ಕು ವರ್ಷದಲ್ಲಿ ಹನ್ನೊಂದು ಹೆಣ್ಣುಗಳು ಪಾಲಿಗೆ ಹೋದವು. ಸಂಘದ ಪಾಲಿನ ಗಂಡು ಮರಿಗಳನ್ನು ಎಂಟು, ಹತ್ತು ಸಾವಿರಕ್ಕೆ ಮಾರಿ ಲಸಿಕೆಯ ಖರ್ಚು ತೆಗೆದೆವು, ನಾಯಿಗಳ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದೆವು. ಹದಿನೈದು ಅಂಕಿಯ ಸಂಖ್ಯೆ ಬಂದ ಮೇಲೆ ಟೈಗರ್‌ಗಳ ಗಲಾಟೆ ನಿಂತಿತು.

ಬೆದೆಯ ಎಷ್ಟನೇ ದಿನಕ್ಕೆ ಕೂಡಿಸಬೇಕೆಂಬ ಲೆಕ್ಕ ಎಲ್ಲರ ಬಳಿಯೂ ಇದೆ. ನಾನು ನೋಡುವ ಗುರುತು ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಮನೆಯ ಮರಿಯನ್ನು ತಂದು ತಾಯಿಯ ಕೆಳಗೆ ಸೇರಿಸಿದ್ದರೆ ಹೇಗೆ ಹಿಡಿಯುತ್ತೇನೆ ಎಂಬುದನ್ನೂ ಬರೆಯುವುದಿಲ್ಲ, ಬರೆದರೆ ನಾಳೆಯಿಂದಲೇ ಅದು ಕೆಲಸಕ್ಕೆ ಬಾರದು.

ನನ್ನ ತಪ್ಪನ್ನು ಮಾತ್ರ ಬಚ್ಚಿಡುವುದಿಲ್ಲ. ಒಂದು ವರ್ಷ ಎರಡು ಮನೆಗಳಲ್ಲಿದ್ದ ಒಂಬತ್ತು ಮರಿಗಳ ಪೈಕಿ ಏಳು ಮರಿಗಳು ಒಂದೇ ವಾರದೊಳಗೆ ಪಾರ್ವೋ ಎಂಬ ಅಂಟುರೋಗಕ್ಕೆ ಸತ್ತವು. ಎರಡೂ ಮನೆಗೆ ಹೋಗಿದ್ದವನು ಪುಸ್ತಕ ಹಿಡಿದ ನಾನೊಬ್ಬನೇ, ಅದೇ ಚಪ್ಪಲಿಯಲ್ಲಿ. ಈಗ ಚಪ್ಪಲಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದದೆ ಮರಿಗಳಿರುವ ಅಂಗಳಕ್ಕೆ ಯಾರೂ ಕಾಲಿಡುವಂತಿಲ್ಲ.

ನಡುವೆ ಒಂದು ಹುಚ್ಚಾಟವೂ ಆಯಿತು. ಮೊಲದ ಬೇಟೆ ಇಲ್ಲದೆ ನಾಯಿಯ ಕಾಲು ಸಾಯುತ್ತದೆ ಎಂಬುದು ಹಳಬರ ವಾದ. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹಾಗಾಗಿ ಹಳೆಯ ಬೈಕಿನ ಹಿಂದಿನ ಗಾಲಿಯನ್ನು ಎತ್ತಿ ನಿಲ್ಲಿಸಿ, ಅದಕ್ಕೆ ಹಗ್ಗ ಸುತ್ತಿ, ತುದಿಗೆ ಆಡಿನ ತೊಗಲು ಕಟ್ಟಿ, ಕಬ್ಬು ಕಡಿದ ಹೊಲದಲ್ಲಿ ಎಳೆಸಿದೆವು. ಎರಡು ದಿನ ನಾಯಿಗಳು ಅದರ ಹಿಂದೆ ಬಾಣದಂತೆ ಓಡಿದವು. ಮೂರನೇ ದಿನ ನಾಲ್ಕು ನಾಯಿ ನೇರವಾಗಿ ಬೈಕಿನ ಹತ್ತಿರವೇ ಬಂದು ತೊಗಲಿಗಾಗಿ ಕಾಯುತ್ತ ಕುಳಿತವು.

ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇರುವಾಗ ನಿಮ್ಮ ಸಂಘ ಯಾಕೆ ಎಂದು ಕೇಳುವವರಿದ್ದರು. 2016ರಲ್ಲಿ ಸೇನೆಯವರು ಆರು ಮರಿಗಳನ್ನು ಮೀರತ್‌ನ ತಮ್ಮ ತರಬೇತಿ ಕೇಂದ್ರಕ್ಕೆ ಒಯ್ದಾಗ ಆ ಪ್ರಶ್ನೆ ಇನ್ನೂ ಜೋರಾಯಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ತಳಿಯ ಹೆಸರು ಹೇಳಿದ್ದೇ ತಡ, ಫೋನು ಕೆಳಗಿಡಲಾಗಲಿಲ್ಲ. ಮರಿಯ ಬೆಲೆ ಇಪ್ಪತ್ತು ಸಾವಿರ ಮುಟ್ಟಿತು. ಮೂವರು ಸದಸ್ಯರು ಪುಸ್ತಕದಲ್ಲಿ ಬರೆಸದೆಯೇ ಮಾರಿಕೊಂಡರು. ಆರು ತಿಂಗಳು ಕಳೆಯುವಷ್ಟರಲ್ಲಿ ಮೂವರೂ ಹಿಂದಿರುಗಿದರು, ಏಕೆಂದರೆ ಕೊಳ್ಳುವವರು ಮೈಕ್ರೋಚಿಪ್ ಸಂಖ್ಯೆ ಕೇಳತೊಡಗಿದ್ದರು. ತಲಾ ಸಾವಿರ ದಂಡ ಹಾಕಿ ಒಳಗೆ ಬಿಟ್ಟುಕೊಂಡೆವು. ಆ ದಂಡದಲ್ಲಿ ಒಂದು ಕಬ್ಬಿಣದ ಕಪಾಟು ಬಂತು. ಗೆದ್ದಲಿನ ಭಯ ಹೋಯಿತು.

ಕಳೆದ ತಿಂಗಳು ಆ ಹಿರಿಯರ ಮನೆಗೆ ಹೋಗಿದ್ದೆ. ಆರು ವಾರದ ಆರು ಮರಿ, ಒಂದರ ಕೆಳದವಡೆ ಗಿಡ್ಡ. "ಅದೊಂದನ್ನು ಬಿಟ್ಟುಬಿಡು ತಮ್ಮಾ, ಐದು ಅಂತ ಬರೆ" ಎಂದರು. ಚಹಾ ಕುಡಿದೆ, ಆರೂ ಬರೆದೆ.