ಐಪಿ ಪ್ರವಾಹದಿಂದ ಕೇಬಲ್ ಟಿವಿಗೆ: ಎಡ್ಜ್ ಕ್ವಾಮ್ ಅಳವಡಿಸಿದ ನನ್ನ ಅನುಭವ

ಕೇಬಲ್ ಡಿಜಿಟಲೀಕರಣದ ಕೊನೆಯ ಹಂತದ ಗಡುವು 2017ರ ಮಾರ್ಚ್ 31ಕ್ಕೆ ಮುಗಿದ ಮೇಲೆ, ನಮ್ಮಂತಹ ತಾಲ್ಲೂಕು ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಸಾಲು ಡಿಶ್‌ಗಳನ್ನು ಇಟ್ಟುಕೊಳ್ಳುವ ಅಗತ್ಯ ಉಳಿಯಲಿಲ್ಲ. ವಾಹಿನಿಗಳನ್ನು ಒಟ್ಟುಗೂಡಿಸುವ ಕೇಂದ್ರವಾದ ಮುಖ್ಯ ಹೆಡ್‌ಎಂಡ್‌ನಲ್ಲೇ ಎನ್‌ಕ್ರಿಪ್ಟ್ ಆದ ವಾಹಿನಿಗಳು ಫೈಬರ್ ಮೂಲಕ ಐಪಿ ರೂಪದಲ್ಲಿ ಬರುತ್ತವೆ. ಅವುಗಳನ್ನು ಮನೆಯ ಸೆಟ್‌ಟಾಪ್ ಬಾಕ್ಸ್ ಹಿಡಿಯಬಲ್ಲ ಡಿವಿಬಿ-ಸಿ (ಡಿಜಿಟಲ್ ಕೇಬಲ್ ಟಿವಿಯ ಮಾನದಂಡ) ಸಿಗ್ನಲ್ ಆಗಿ ಮಾರ್ಪಡಿಸುವ ಎಡ್ಜ್ ಕ್ವಾಮ್ ಉಪಕರಣವನ್ನು ನಾನು ಅಳವಡಿಸಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಈ ಕೆಲಸದಲ್ಲಿ ಹೆಚ್ಚಿನವರ ಗಮನ ಆರ್‌ಎಫ್ (ಕೇಬಲ್‌ನಲ್ಲಿ ಹರಿಯುವ ರೇಡಿಯೋ ಆವರ್ತನದ ಸಿಗ್ನಲ್) ಕಡೆಗೇ ಇರುತ್ತದೆ, ಆದರೆ ಚಿತ್ರದ ಗುಣಮಟ್ಟ ನಿರ್ಧಾರವಾಗುವುದು ಅದಕ್ಕೂ ಮೊದಲು, ಐಪಿ ಪ್ಯಾಕೆಟ್‌ಗಳನ್ನು ಹಂಚುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಪಕರಣವನ್ನು ರ‍್ಯಾಕ್‌ಗೆ ಏರಿಸುವ ಮುನ್ನ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಮಾಹಿತಿಯ ಪ್ರಮಾಣ) ಲೆಕ್ಕ ಹಾಕಿದೆ. 8 ಮೆಗಾಹರ್ಟ್ಸ್ ಅಗಲದ ಒಂದು ಕ್ಯಾರಿಯರ್‌ನಲ್ಲಿ (ಹಲವು ವಾಹಿನಿಗಳನ್ನು ಹೊರುವ ಆವರ್ತನ) ಸೆಕೆಂಡಿಗೆ 6.875 ಮೆಗಾಸಿಂಬಲ್ (ದಶಲಕ್ಷ ಸಂಕೇತ) ದರದೊಂದಿಗೆ 64 ಕ್ವಾಮ್ (ಪ್ರತಿ ಸಂಕೇತಕ್ಕೂ ಆರು ಬಿಟ್ ಹೊರಿಸುವ ವಿಧಾನ) ಬಳಸಿದರೆ, ದೋಷ ತಿದ್ದುವ ಬೈಟ್‌ಗಳನ್ನು ಕಳೆದು ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಿಗುತ್ತದೆ. 256 ಕ್ವಾಮ್‌ನಲ್ಲಿ ಅದು 50ನ್ನು ದಾಟುತ್ತದೆ. ಆದರೆ 256 ಕ್ವಾಮ್‌ಗೆ ಸುಮಾರು 6 ಡೆಸಿಬೆಲ್‌ನಷ್ಟು ಹೆಚ್ಚು ಶುದ್ಧವಾದ ಲೈನ್ ಬೇಕು. ಮಳೆಗಾಲದಲ್ಲಿ ಕನೆಕ್ಟರ್‌ಗಳಿಗೆ ನೀರು ಇಳಿಯುವ, ಒಂದರ ಹಿಂದೊಂದು ಆಂಪ್ಲಿಫೈಯರ್ ಇರುವ ನಮ್ಮ ಜಾಲಕ್ಕೆ 64 ಕ್ವಾಮ್ ಸಾಕೆಂದು ನಿಶ್ಚಯಿಸಿದೆ. ಪ್ರತಿ ಕ್ಯಾರಿಯರ್‌ಗೆ ಬರುವ ಪ್ರವಾಹದ ಗರಿಷ್ಠ ದರ 36 ಮೆಗಾಬಿಟ್ ಮೀರದಂತೆ ನೋಡಿಕೊಂಡೆ. ಉಳಿದ ಜಾಗವನ್ನು ಉಪಕರಣವೇ ಖಾಲಿ ಪ್ಯಾಕೆಟ್‌ಗಳಿಂದ ತುಂಬುತ್ತದೆ. ಕ್ರಿಕೆಟ್ ಪಂದ್ಯದಂತಹ ವೇಗದ ದೃಶ್ಯಗಳಲ್ಲಿ ದರ ಏರುವುದರಿಂದ ಸರಾಸರಿಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಬಹುಪಾಲು ಶ್ರಮವನ್ನು ಬೇಡಿದ್ದು ಐಪಿ ಜಾಲ. ವಾಹಿನಿಗಳು ಯುಡಿಪಿ ಮಲ್ಟಿಕಾಸ್ಟ್ (ಒಂದೇ ಪ್ರವಾಹವನ್ನು ಕೇಳಿದ ಉಪಕರಣಗಳಿಗೆಲ್ಲ ತಲುಪಿಸುವ ಬಗೆ) ಆಗಿ ಬರುತ್ತವೆ; ಒಂದೊಂದು ಐಪಿ ಪ್ಯಾಕೆಟ್‌ನಲ್ಲಿ 188 ಬೈಟ್‌ಗಳ ಏಳು ಟ್ರಾನ್ಸ್‌ಪೋರ್ಟ್ ಪ್ಯಾಕೆಟ್‌ಗಳು, ಅಂದರೆ 1316 ಬೈಟ್‌ಗಳಷ್ಟು ಮಾಹಿತಿ ಇರುತ್ತದೆ. ಯುಡಿಪಿಯಲ್ಲಿ ಕಳೆದುಹೋದದ್ದು ಮತ್ತೆ ಬರುವುದಿಲ್ಲವಾದ್ದರಿಂದ, ಒಂದು ಐಪಿ ಪ್ಯಾಕೆಟ್ ಬಿದ್ದುಹೋದರೆ ಏಳೂ ಹೋಗಿ, ಮನೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆದ್ದರಿಂದ ಬ್ರಾಡ್‌ಬ್ಯಾಂಡ್ ಗ್ರಾಹಕರಿಗಾಗಲಿ ಕಚೇರಿಯ ಕಂಪ್ಯೂಟರ್‌ಗಳಿಗಾಗಲಿ ಸಂಬಂಧವಿಲ್ಲದ ಪ್ರತ್ಯೇಕ ಗಿಗಾಬಿಟ್ ಸ್ವಿಚ್ ಒಂದನ್ನು ವಿಡಿಯೋಗೇ ಮೀಸಲಿಟ್ಟೆ.

ಆ ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟ್‌ಗೆ ಮಾತ್ರ ಪ್ರವಾಹ ಕಳಿಸುವ ವ್ಯವಸ್ಥೆ) ಆನ್ ಮಾಡದಿದ್ದರೆ ಎಲ್ಲ ಪ್ರವಾಹಗಳೂ ಎಲ್ಲ ಪೋರ್ಟ್‌ಗಳಿಗೂ ನುಗ್ಗುತ್ತವೆ; 100 ಮೆಗಾಬಿಟ್‌ನ ಮ್ಯಾನೇಜ್‌ಮೆಂಟ್ ಪೋರ್ಟ್ ತುಂಬಿಹೋಗಿ ಉಪಕರಣದ ವೆಬ್ ಪುಟವೇ ತೆರೆಯದಂತಾಗುತ್ತದೆ. ಸ್ನೂಪಿಂಗ್ ಇದ್ದು, ಪ್ರವಾಹ ಇನ್ನೂ ಬೇಕೇ ಎಂದು ಆಗಾಗ ವಿಚಾರಿಸುವ ಕ್ವೇರಿಯರ್ ಇಲ್ಲದಿದ್ದರೆ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಒಮ್ಮೆ ಕೇಳಿದ ಪ್ರವಾಹಕ್ಕೆ ಸಿಗುವ ಸದಸ್ಯತ್ವದ ಸಾಮಾನ್ಯ ಅವಧಿ 260 ಸೆಕೆಂಡ್ ಆದ್ದರಿಂದ, ನಾಲ್ಕು ನಿಮಿಷ ಚೆನ್ನಾಗಿ ಓಡಿದ ವಾಹಿನಿಗಳು ಕಾರಣವೇ ತಿಳಿಯದಂತೆ ನಿಂತುಬಿಡುತ್ತವೆ. ಈ ಎರಡನ್ನೂ ಸರಿಪಡಿಸಿ, ಇಡೀ ರಾತ್ರಿ ಕಂಟಿನ್ಯೂಟಿ ದೋಷಗಳ (ಪ್ಯಾಕೆಟ್ ಕಳೆದುಹೋದದ್ದನ್ನು ತೋರಿಸುವ ದೋಷ) ಎಣಿಕೆಯನ್ನು ಗಮನಿಸಿ, ಅದು ಸೊನ್ನೆಯಲ್ಲೇ ನಿಂತಿದ್ದನ್ನು ಕಂಡ ಮೇಲೆಯೇ, ಸಿಗ್ನಲ್‌ಗಳನ್ನು ಒಂದೇ ಕೇಬಲ್‌ಗೆ ಸೇರಿಸುವ ಕಂಬೈನರ್‌ಗೆ ಕೇಬಲ್ ಜೋಡಿಸಿದೆ.

ಎನ್‌ಕ್ರಿಪ್ಟ್ ಆಗಿ ಬಂದ ಪ್ರವಾಹಗಳನ್ನು ಪಿಐಡಿ (ಪ್ಯಾಕೆಟ್‌ನ ಗುರುತು ಸಂಖ್ಯೆ) ಬದಲಿಸದೆ ಯಥಾವತ್ತಾಗಿ ಹಾಯಲು ಬಿಡುವುದೇ ಕ್ಷೇಮ. ಸೆಟ್‌ಟಾಪ್ ಬಾಕ್ಸ್‌ನ ಕಾರ್ಡ್‌ಗೆ ಅನುಮತಿ ಒಯ್ಯುವ ಸಂದೇಶಗಳು ತಪ್ಪಿಹೋದರೆ ಹಣ ಕಟ್ಟಿದ ಗ್ರಾಹಕನ ಪರದೆಯೂ ಕಪ್ಪಾಗುತ್ತದೆ.

ಆರ್‌ಎಫ್ ಕೆಲಸ ಬೇಗ ಮುಗಿಯಿತು. ಎಲ್ಲ ಕ್ಯಾರಿಯರ್‌ಗಳ ಮಟ್ಟವನ್ನು ಸಮಗೊಳಿಸಿ, ಕಂಟ್ರೋಲ್ ರೂಮಿನಲ್ಲಿ ಎಂಇಆರ್ (ಸಿಗ್ನಲ್‌ನ ಶುದ್ಧತೆಯ ಅಳತೆ) 40 ಡೆಸಿಬೆಲ್‌ನ ಆಸುಪಾಸು ಇರುವುದನ್ನು ಖಚಿತಪಡಿಸಿಕೊಂಡು, ಲೈನಿನ ತುದಿಯ ಮನೆಗಳಿಗೆ ಮೀಟರ್ ಒಯ್ದೆ. ಅಲ್ಲಿ ಎಂಇಆರ್ 30ಕ್ಕಿಂತ ಕೆಳಗಿಳಿಯಬಾರದು, ಮಟ್ಟ 47ರಿಂದ 67 ಡಿಬಿ ಮೈಕ್ರೋವೋಲ್ಟ್ ಒಳಗೇ ಇರಬೇಕು ಎಂಬುದು ನಾನು ಇಟ್ಟುಕೊಂಡ ಮಿತಿ.

ಕೊನೆಯದಾಗಿ ಊರಿನ ಸ್ಥಳೀಯ ವಾಹಿನಿ. ಜಾತ್ರೆ, ರಥೋತ್ಸವಗಳ ನೇರಪ್ರಸಾರವನ್ನು ಜನ ಕಾದು ನೋಡುವುದರಿಂದ ಇದನ್ನು ನಾನು ಲಘುವಾಗಿ ಪರಿಗಣಿಸಲಿಲ್ಲ. ಎಚ್‌ಡಿಎಂಐ ಎನ್‌ಕೋಡರ್‌ನಿಂದ ಸ್ಥಿರ ಬಿಟ್‌ರೇಟ್‌ನಲ್ಲಿ ಎಚ್.264 ಪ್ರವಾಹವನ್ನು ಅದೇ ಸ್ವಿಚ್‌ಗೆ ತಂದು, ಬೇರೆಯದೇ ಕ್ಯಾರಿಯರ್‌ಗೆ ಸೇರಿಸಿದೆ. ಬಾಕ್ಸ್‌ಗಳು ವಾಹಿನಿಗಳನ್ನು ಹುಡುಕುವುದು ಎನ್‌ಐಟಿ ಪಟ್ಟಿಯ (ಸಿಗ್ನಲ್ ಜೊತೆಗೇ ಬರುವ ಜಾಲದ ವಿವರ) ಪ್ರಕಾರವಾದ್ದರಿಂದ, ಹೊಸ ಕ್ಯಾರಿಯರ್‌ನ ಆವರ್ತನ, ಸಿಂಬಲ್ ದರ ಮತ್ತು ವಾಹಿನಿಯ ಸಂಖ್ಯೆಯನ್ನು ಮುಖ್ಯ ಹೆಡ್‌ಎಂಡ್‌ನವರು ಆ ಪಟ್ಟಿಗೆ ಸೇರಿಸಿದ ನಂತರವೇ ಸ್ಥಳೀಯ ವಾಹಿನಿ ಎಲ್ಲ ಮನೆಗಳಲ್ಲೂ ಒಂದೇ ಸಂಖ್ಯೆಯಲ್ಲಿ ಕಾಣಿಸಿಕೊಂಡಿತು.