ತೂತು ಬಿದ್ದರೆ ಗ್ಯಾಸ್ ಏರಿಸಬೇಡಿ
ಆಷಾಢದಲ್ಲಿ ಗದಗಿನ ಗಾಳಿಗೆ ಹಿಡಿತವೇ ಇರುವುದಿಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಅದು ಸುಗ್ಗಿ. ಬೆಟಗೇರಿಯ ಹಿತ್ತಲಿನಲ್ಲಿ, ತಗಡಿನ ಚಪ್ಪರದಡಿ ಸಿಓಟು ವೆಲ್ಡಿಂಗ್ (ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಮರೆಯಲ್ಲಿ ವೈರ್ ಕರಗಿಸಿ ಬೆಸೆಯುವುದು) ಮಾಡುವ ನನಗೆ ಪೀಡೆ. ಮಗ್ಗ ರಿಪೇರಿ ಮಾಡಿ ಪಳಗಿದ ಕೈ ಎಂಬ ಜಂಬ ಬೇರೆ. ಅಳಿಯನ ಮನೆಯ ಗೇಟು ಬೆಸೆದರೆ ಬೀಡ್, ಅಂದರೆ ಬೆಸುಗೆಯ ಗೆರೆ, ತೂತು ಬಿದ್ದು ಜರಡಿಯಾಯಿತು. ಗ್ಯಾಸ್ ಸಾಲದೆಂದು ನಿಮಿಷಕ್ಕೆ 12 ಲೀಟರ್ ಇದ್ದುದನ್ನು 25ಕ್ಕೆ ಏರಿಸಿದೆ. ತೂತುಗಳು ಇನ್ನೂ ಹೆಚ್ಚಾದವು.

“ಗಾಳಿ ಬಂದರೆ ನಾವು ಒಲೆಗೆ ತಗಡು ಅಡ್ಡ ಇಡುತ್ತೇವೆ, ಕಟ್ಟಿಗೆ ಜಾಸ್ತಿ ತುರುಕುವುದಿಲ್ಲ” ಎಂದಳು ಹೆಂಡತಿ. ಅಲ್ಲಿಗೆ ಜಂಬ ಇಳಿಯಿತು.

ಗ್ಯಾಸ್ ವೆಲ್ಡಿಂಗ್ ಗನ್ನಿನ ಬಾಯಿಯಾದ ನಾಝಲ್‌ನಿಂದ ಮೆಲ್ಲಗೆ ಇಳಿದು ಕರಗಿದ ಲೋಹವನ್ನು ಮುಚ್ಚಿ ನಿಲ್ಲಬೇಕು. ರಭಸ ಹೆಚ್ಚಾದರೆ ಸುಳಿಯೆದ್ದು ಸುತ್ತಲಿನ ಗಾಳಿಯನ್ನೂ ಎಳೆದು ತರುತ್ತದೆ. 0.8 ಮಿ.ಮೀ. ವೈರ್, ತೆಳು ಚೌಕ ಪೈಪು, ಗಾಳಿಯಿಲ್ಲದ ಜಾಗ ಎಂದಾದರೆ 10ರಿಂದ 12 ಲೀಟರ್ ಸಾಕು. ನಾಝಲ್ ಬಾಯಿ ಎಷ್ಟು ಮಿ.ಮೀ. ಇದೆಯೋ ಹೆಚ್ಚುಕಡಿಮೆ ಅಷ್ಟು ಲೀಟರ್ ಎಂಬ ಲೆಕ್ಕವೂ ನಡೆಯುತ್ತದೆ. ಬೀಸುವ ಕಡೆಗೆ ತಗಡು ನಿಲ್ಲಿಸಿ. ನಾನು ಮೊದಲು ಗೋಣಿಚೀಲ ಕಟ್ಟಿ, ಕಿಡಿ ಹಾರಿ ಅದು ಹೊತ್ತಿಕೊಂಡ ಮೇಲೆ ಬುದ್ಧಿ ಕಲಿತೆ.

ಹರಿವನ್ನು ಗ್ಯಾಸ್ ಹರಿಯುತ್ತಿರುವಾಗಲೇ ಹೊಂದಿಸಬೇಕು. ವೈರ್ ಒತ್ತಿ ಹಿಡಿಯುವ ರೋಲರ್‌ನ ಹಿಡಿಯನ್ನು ಎತ್ತಿಬಿಡಿ, ವೈರ್ ವ್ಯರ್ಥವಾಗಿ ಓಡುವುದಿಲ್ಲ. ಆದರೆ ಟ್ರಿಗರ್ ಒತ್ತಿದಾಗ ವೈರ್‌ನಲ್ಲಿ ಕರೆಂಟು ಇದ್ದೇ ಇರುತ್ತದೆ. ಗನ್ ಕಬ್ಬಿಣಕ್ಕೆ ತಾಗದಂತೆ ದೂರ ಹಿಡಿಯಿರಿ. ಟ್ರಿಗರ್ ಒತ್ತಿಕೊಂಡೇ ರೆಗ್ಯುಲೇಟರ್ ತಿರುವಿ. ಗಾಜಿನ ಕೊಳವೆಯ ಮೀಟರಾದರೆ ಅದು ನೆಟ್ಟಗೆ ನಿಂತಿರಬೇಕು. ಕೊಳವೆಯೊಳಗೆ ತೇಲುವ ಗುಂಡಿನ ನಡುಭಾಗವನ್ನು ಕಣ್ಣಿನ ಮಟ್ಟದಲ್ಲಿ ಓದಿ. ವೆಲ್ಡಿಂಗಿನ ಇನ್ನೊಂದು ಗ್ಯಾಸ್ ಆದ ಆರ್ಗಾನ್‌ಗೆ ಗುರುತು ಹಾಕಿದ ಕೊಳವೆ ಸಿಓಟುಗೆ ಸರಿಯಾದ ಲೆಕ್ಕ ಕೊಡುವುದಿಲ್ಲ.

ಇಷ್ಟಾದರೂ ತೂತು ಬಿದ್ದರೆ ನಾಝಲ್ ಬಿಚ್ಚಿ ಅಂಟಿದ ಕಿಡಿಗಳನ್ನು ಕೆರೆಯಿರಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಕಬ್ಬಿಣದ ಮೇಲಿನ ಬಣ್ಣ, ತುಕ್ಕನ್ನು ಉಜ್ಜಿದ್ದೀರಾ? ಬಹಳ ಹೊತ್ತು ಬೆಸೆದರೆ ರೆಗ್ಯುಲೇಟರ್‌ಗೆ ಹಿಮ ಕಟ್ಟಿ ಹರಿವು ಕುಗ್ಗುವುದೂ ಉಂಟು. ಅದಕ್ಕೆ ಹೀಟರ್ ಇರುವ ರೆಗ್ಯುಲೇಟರ್ ಬೇಕು.

ಗ್ಯಾಸ್ ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರಿನ ಒತ್ತಡದ ಮುಳ್ಳನ್ನಂತೂ ನಾನು ನಂಬುವುದಿಲ್ಲ. ಒಳಗೆ ದ್ರವ ಇರುವತನಕ ಅದು 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಎಂದೇ ಹೇಳುತ್ತದೆ, ಬಿಸಿಲಿಗೆ ಇನ್ನೂ ಏರುತ್ತದೆ. ದ್ರವ ತೀರಿದ ಮೇಲೆ ಬೇಗ ಬಿದ್ದುಹೋಗುತ್ತದೆ. ಸಿಲಿಂಡರ್ ಮೇಲೆ ಕೊರೆದಿರುವ ಖಾಲಿ ತೂಕ ನೋಡಿಕೊಂಡು ತಕ್ಕಡಿಗೆ ಹಾಕಿ, ಉಳಿದದ್ದು ಎಷ್ಟೆಂದು ತಿಳಿಯುತ್ತದೆ.

ಗಾಳಿಗೆ ಹೆದರಿ ಕೋಣೆಯನ್ನು ಪೂರ್ತಿ ಮುಚ್ಚಿಕೊಂಡು ಮಾತ್ರ ಬೆಸೆಯಬೇಡಿ. ಸಿಓಟು ಗಾಳಿಗಿಂತ ಭಾರ. ನೆಲದ ಹತ್ತಿರ ತುಂಬಿ ನಿಂತರೆ ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುವವನ ಮೂಗಿಗೇ ಮೊದಲು ಮುಟ್ಟುತ್ತದೆ. ಗಾಳಿ ಬೀಸದ ಕಡೆಯ ಬಾಗಿಲು ತೆರೆದಿರಲಿ.